ಓಲಗದವರ ಮಗಳ ಮದುವೆ

ಅನುಭವವಿದ್ದವರು ತಮ್ಮ ಮದುವೆಯನ್ನು ತಾವೇ ಏರ್ಪಾಡು ಮಾಡಿಕೊಳ್ಳಬಾರದು. ಏನೂ ಗೊತ್ತಿಲ್ಲದವರು ಹಿರಿಯರನ್ನು ಕೇಳುತ್ತಾರೆ. ಎಲ್ಲ ಗೊತ್ತಿದೆ ಎಂದುಕೊಂಡವರು ಯಾರನ್ನೂ ಕೇಳುವುದಿಲ್ಲ. ನಾನು ಈ ಎರಡನೆಯ ಪಂಗಡಕ್ಕೆ ಸೇರಿದವಳು.

ಎರಡು ಸಾವಿರದ ನಾಲ್ಕರ ಮಾತು. ಕುಂದಾಪುರದಲ್ಲಿ ಬಿ.ಕಾಂ. ಮುಗಿಸಿ, ಬ್ರಹ್ಮಾವರದ ಒಂದು ಪ್ರೆಸ್ಸಿನಲ್ಲಿ ಕಂಪ್ಯೂಟರಿನ ಮುಂದೆ ಕುಳಿತು ಮದುವೆಯ ಕಾಗದಗಳನ್ನು ಟೈಪ್ ಮಾಡುತ್ತಿದ್ದೆ. (ಓದಿದವರು ಆಮಂತ್ರಣ ಪತ್ರಿಕೆ ಎನ್ನುತ್ತಾರೆ. ನಮ್ಮಲ್ಲಿ ಅದು ಬರೀ ಕಾಗದ.) ಯಾರ ಹೆಸರಿನ ಕೆಳಗೆ ಯಾರ ಹೆಸರು ಬರಬೇಕು, ತೀರಿಹೋದ ಅಜ್ಜನ ಹೆಸರನ್ನು ಎಲ್ಲಿ ಹಾಕಬೇಕು, ಮುಂಬೈಯಲ್ಲಿರುವ ಚಿಕ್ಕಪ್ಪನನ್ನು ಬಿಟ್ಟರೆ ಎಷ್ಟು ವರ್ಷ ಮಾತು ನಿಲ್ಲುತ್ತದೆ, ಇವೆಲ್ಲ ನನಗೆ ಬಾಯಿಪಾಠ. ಮೂರು ವರ್ಷದಲ್ಲಿ ನಾನು ಬೇರೆಯವರಿಗೆ ಮಾಡಿಸಿದ ಮದುವೆಗಳನ್ನು ಸಾಲಾಗಿ ನಿಲ್ಲಿಸಿದರೆ ಬ್ರಹ್ಮಾವರದಿಂದ ತೆಕ್ಕಟ್ಟೆಯ ನಮ್ಮ ಮನೆಯ ಬಾಗಿಲಿಗೆ ಮುಟ್ಟುತ್ತಿತ್ತು.

ಮನೆಯೊಳಗೂ ಮದುವೆಯದೇ ವ್ಯವಹಾರ. ಅಪ್ಪಯ್ಯ, ಹೆಸರು ಗುರುವ, ನಾಗಸ್ವರ ಊದುವವರು. ಮೊದಲು ದೇವಸ್ಥಾನದಲ್ಲಿ, ಆಮೇಲೆ ಮದುವೆಗಳಲ್ಲಿ, ಒಟ್ಟು ನಲವತ್ತು ವರ್ಷದ ಓಲಗ. ಜೊತೆಗೆ ಡೋಲು ಬಾರಿಸುವವರು ದುಗ್ಗಪ್ಪಣ್ಣ. ಮದುವೆ ಗೊತ್ತಾದ ಮನೆಯವರು ಅಪ್ಪಯ್ಯನಿಗೆ ವೀಳ್ಯ ಕೊಟ್ಟು ಒಂದು ಕಾಗದವನ್ನೂ ಕೊಟ್ಟು ಹೋಗುವುದು ರೂಢಿ. ಅಪ್ಪಯ್ಯ ಅದರಲ್ಲಿ ಮೂರೇ ಸಂಗತಿ ಓದುತ್ತಿದ್ದರು: ದಿನ, ಮುಹೂರ್ತ, ಜಾಗ. ಮದುವೆ ಯಾರದ್ದೆಂದು ಕೇಳಿದರೆ, "ಯಾರ್ದಾರೆ ಎಂತ? ಊದುದ್ ಒಂದೇ ಅಲ್ದಾ?" ಎನ್ನುತ್ತಿದ್ದರು.

ಇಂಥ ಮನೆಯ ಮಗಳಾದ ನಾನು ಪ್ರೀತಿಸಿದ್ದು ಯಾರನ್ನು? ಬೈಂದೂರಿನ ರವಿರಾಜರನ್ನು. ಶಾಮಿಯಾನ, ಕುರ್ಚಿ, ಪಾತ್ರೆ ಬಾಡಿಗೆಗೆ ಕೊಡುವ ಅಂಗಡಿ ಅವರದು. ಬಿಲ್ಲು ಪುಸ್ತಕ ಅಚ್ಚು ಹಾಕಿಸಲು ಪ್ರೆಸ್ಸಿಗೆ ಬಂದವರು ಒಂದೇ ತಿಂಗಳಲ್ಲಿ ನಾಲ್ಕು ಸಲ ಬಿಲ್ಲು ಪುಸ್ತಕ ಮಾಡಿಸಿದರು. ಅಷ್ಟು ಬಿಲ್ಲು ಹರಿಯಬೇಕಾದರೆ ಬೈಂದೂರಿನಲ್ಲಿ ದಿನಕ್ಕೆ ಎಂಟು ಮದುವೆ ಆಗಬೇಕಿತ್ತು. ಐದನೆಯ ಸಲ ಬಂದಾಗ ನಾನೇ ಕೇಳಿದೆ:

"ನಿಮ್ದ್ ಯಾವ ಬಳಿ?"

ನಮ್ಮಲ್ಲಿ ತಾಯಿಯ ಕಡೆಯಿಂದ ಬರುವ ಈ ಬಳಿ ಎರಡೂ ಕಡೆ ಒಂದೇ ಆದರೆ ಅಣ್ಣ-ತಂಗಿಯ ಲೆಕ್ಕ. ಆಮೇಲೆ ಕಣ್ಣೀರು ಹಾಕುವ ಬದಲು ಮೊದಲೇ ಕೇಳಿಬಿಡುವುದು ಒಳ್ಳೆಯದಲ್ಲವೇ? ಅವರು ಹೇಳಿದರು. ಬೇರೆ ಬಳಿ. ಆ ಹೊತ್ತಿನಿಂದ ನಾನು ನಿಶ್ಚಿಂತೆಯಾಗಿ ಪ್ರೀತಿಸತೊಡಗಿದೆ. ಅವರೂ ಒಂದು ಸಂಜೆ ತಲೆ ತಗ್ಗಿಸಿ, "ನಿಮ್ಮನ್ನ್ ಕಂಡ್ ಹೋದ್ ದಿನ ನಂಗೆ ಕುರ್ಚಿ ಲೋಡ್ ಮಾಡುಕೂ ಮನಸಿಲ್ಲೆ" ಎಂದರು. ಇದಕ್ಕಿಂತ ಹೆಚ್ಚಿನ ಮಾತನ್ನು ಅವರು ಇವತ್ತಿನವರೆಗೂ ಆಡಿಲ್ಲ. ಆದರೂ ಆ ದಿನ ಬಸ್ಸಿನ ಕಿಟಕಿಯಾಚೆ ಗದ್ದೆಯ ಹಸಿರಿನ ಮೇಲೆ ಇಳಿಯುತ್ತಿದ್ದ ಬಿಸಿಲು ನನ್ನದೇ ಎನ್ನಿಸಿದ್ದು ಸುಳ್ಳಲ್ಲ.

ಎಲ್ಲ ಸರಿ. ಆದರೆ ಶಾಮಿಯಾನದ ಜೊತೆ ಅವರ ಹತ್ತಿರ ಒಂದು ಮೈಕ್ ಸೆಟ್ಟೂ ಇತ್ತು.

ಮೂರು ವರ್ಷದ ಹಿಂದೆ ಮರವಂತೆಯ ಒಂದು ಮದುವೆಯಲ್ಲಿ ಮುಹೂರ್ತದ ಹೊತ್ತು. ಅಪ್ಪಯ್ಯ ಕಣ್ಣು ಮುಚ್ಚಿ, ಒಂದೇ ಉಸಿರಿನಲ್ಲಿ ಸ್ವರವನ್ನು ಎತ್ತಿ ನಿಲ್ಲಿಸಿದ್ದರು. ಆಗ ಮೇಲಿನ ಲೌಡ್‌ಸ್ಪೀಕರು, "ಹಲೋ, ಹಲೋ, ಮೈಕ್ ಟೆಸ್ಟಿಂಗ್, ಒನ್ ಟೂ ತ್ರೀ" ಎಂದಿತು. ಆ ಒನ್ ಟೂ ತ್ರೀ ಹೇಳಿದ ಮಹಾನುಭಾವರೇ ರವಿರಾಜರು. ಅಷ್ಟಕ್ಕೇ ಮುಗಿಯಲಿಲ್ಲ. ಮರುವರ್ಷದಿಂದ ಅವರು ಓಲಗದ ಕ್ಯಾಸೆಟ್ಟು ಹಾಕತೊಡಗಿದರು. ಭಟ್ಟರು ಕೈ ಎತ್ತಿದೊಡನೆ ಒಂದು ಗುಂಡಿ ಒತ್ತಿದರಾಯಿತು. ಕೆಲವರು ಓಲಗದವರನ್ನು ಕರೆಯುವುದನ್ನೇ ಬಿಟ್ಟರು. ಆ ಕ್ಯಾಸೆಟ್ಟಿನ ಸದ್ದು ಎಲ್ಲಿಂದಲಾದರೂ ಗಾಳಿಯಲ್ಲಿ ತೇಲಿ ಬಂದರೆ ಅಪ್ಪಯ್ಯ ಹೆಗಲ ಮೇಲಿನ ಬೈರಾಸನ್ನು ಕಿವಿಗೆ ಸುತ್ತಿಕೊಳ್ಳುತ್ತಿದ್ದರು.

"ಯಾವನೋ ಹಲ್ಲ್ ಇಲ್ದವ ಊದಿದ್ದ್! ಗಂಟ್ಲಲ್ಲಿ ಕಫ ಕಟ್ದಂಗಿತ್!"

ಇಂಥವರ ಎದುರು ಹೋಗಿ, "ಅಪ್ಪಯ್ಯ, ಆ ಕ್ಯಾಸೆಟ್ಟಿನವರನ್ನು ಮದುವೆಯಾಗುತ್ತೇನೆ" ಎನ್ನುವುದು ಹೇಗೆ? ನನಗೊಂದು ದಿವ್ಯವಾದ ಉಪಾಯ ಹೊಳೆಯಿತು. ಮೊದಲು ಮದುವೆಯ ಸಕಲ ಏರ್ಪಾಡನ್ನೂ ಮಾಡಿ ಮುಗಿಸುವುದು. ಸಭಾಭವನ, ಅಡುಗೆ, ಸೀರೆ ಎಲ್ಲವನ್ನೂ ಗೊತ್ತು ಮಾಡಿ, ಕೊನೆಗೆ ಅಪ್ಪಯ್ಯನ ಮುಂದಿಟ್ಟರೆ ಅವರಿಗೆ ತಲೆಯಾಡಿಸುವುದು ಬಿಟ್ಟು ಬೇರೆ ಕೆಲಸವೇ ಉಳಿಯಬಾರದು!

ಪ್ರತಿ ಶನಿವಾರ ಕುಂದಾಪುರದ ಬಸ್‌ಸ್ಟ್ಯಾಂಡಿನ ಹತ್ತಿರದ ಐಸ್‌ಕ್ರೀಮ್ ಅಂಗಡಿಯಲ್ಲಿ, ಒಂದು ಗಡ್‌ಬಡ್ ಎರಡು ಚಮಚದ ನಡುವೆ, ನಮ್ಮ ಉನ್ನತ ಮಟ್ಟದ ಸಭೆ ಸೇರುತ್ತಿತ್ತು. ಪ್ರೇಮಿಗಳು ಕಣ್ಣಲ್ಲಿ ಕಣ್ಣಿಟ್ಟು ಕೂರುತ್ತಾರಂತೆ. ನಾವು ಒಂದು ನೂರು ಪುಟದ ಪುಸ್ತಕದಲ್ಲಿ ಕಣ್ಣಿಟ್ಟು ಕೂರುತ್ತಿದ್ದೆವು.

"ಕುರ್ಚಿ ನಾಲ್ಕ್ ನೂರ್ ಸಾಕ್" ಎಂದರು ರವಿರಾಜರು.

"ಸಾಕಾ? ನಮ್ಮ್ ಅಮ್ಮನ ಬದಿಯವ್ರೇ ಇನ್ನೂರ್ ಜನ."

"ಅವ್ರೆಲ್ಲ ಒಂದೇ ಸಲ ಕೂಕಂತ್ರಾ?"

"ಮತ್ತೆ ನಿಂತಂಡ್ ಕಾಂತ್ರಾ? ಹ್ವಾಯ್, ನಿಮ್ಗ್ ಮದಿ ಬೇಕಾ, ಕುರ್ಚಿ ಬೇಕಾ?"

"ಎರ್ಡೂ ವಾಪಸ್ ಕೊಡುಕಿಲ್ಲೆ ಅಂದ್ರೆ ಎರ್ಡೂ ಬೇಕ್."

ಪಾಯಸದ ಮೇಲೆ ಎರಡು ಶನಿವಾರ ಹೋಯಿತು. ಅವರದು ಶ್ಯಾವಿಗೆ ಪಕ್ಷ, ನನ್ನದು ಕಡ್ಲೆಬೇಳೆ ಪಕ್ಷ. ಸೀರೆಯ ಬಣ್ಣದ ಬಗ್ಗೆ ಕೇಳಿದರೆ, "ಶಾಮಿಯಾನಕ್ಕೆ ಹೊಂದುವಂಗಿರ್ಲಿ" ಎಂದದ್ದಕ್ಕೆ ಒಂದು ವಾರ ಮಾತು ಬಿಟ್ಟೆ. ಅಂತೂ ಕುಂದಾಪುರದ ಒಂದು ಸಭಾಭವನದಲ್ಲಿ ಯಾರದೋ ಮದುವೆ ಮುಂದೆ ಹೋಗಿ ಮೇ ಒಂಬತ್ತರ ಭಾನುವಾರ ತೆರವಾಗಿತ್ತು. ಅದನ್ನೇ ಹಿಡಿದೆವು. ಅಡುಗೆಯವರು ಒಪ್ಪಿದರು, ಪುರೋಹಿತರು ಒಪ್ಪಿದರು. ರವಿರಾಜರ ಅಮ್ಮನಂತೂ, "ಹೆಣ್ಣ್ ಯಾರಾರೂ ಅಡ್ಡಿಲ್ಲೆ, ಇವ ಒಂದ್ ಮದಿ ಆಯ್ಲಿ" ಎಂದು ಮೊದಲೇ ಒಪ್ಪಿದ್ದರು. ಇಪ್ಪತ್ತೇಳು ಪುಟ ತುಂಬಿತು. ಪ್ರತಿಯೊಂದು ಸಾಲಿನ ಎದುರೂ ಟಿಕ್ ಗುರುತು. ಆ ಪುಸ್ತಕವನ್ನು ಎದೆಗೊತ್ತಿಕೊಂಡರೆ ಅದರೊಳಗಿಂದ ಮಲ್ಲಿಗೆಯ ಪರಿಮಳ ಬಂದಂತಾಗುತ್ತಿತ್ತು. (ಗಡ್‌ಬಡ್ ಚೆಲ್ಲಿದ ಪುಟಗಳಲ್ಲಿ ವೆನಿಲ್ಲಾ.)

ಎಪ್ರಿಲ್ ಮೊದಲ ಶನಿವಾರ ಪ್ರೆಸ್ಸಿನಲ್ಲಿ ಕೆಲಸ ಕಡಿಮೆ ಇತ್ತು. ಸುಮ್ಮನೆ, ನೋಡಲು ಹೇಗಿರುತ್ತದೆ ಎಂದು, ನಮ್ಮ ಕಾಗದವನ್ನೂ ಟೈಪ್ ಮಾಡಿದೆ. 'ತೆಕ್ಕಟ್ಟೆ ಶ್ರೀಮತಿ ಗುಣವತಿ ಮತ್ತು ಶ್ರೀ ಗುರುವ ಇವರ ಏಕಮಾತ್ರ ಪುತ್ರಿ ಚಿ. ಸೌ. ದೀಕ್ಷಿತಾ.' ಎಷ್ಟೋ ಹುಡುಗಿಯರ ಹೆಸರಿನ ಹಿಂದೆ ಆ ಚಿ. ಸೌ. ಇಟ್ಟವಳು ನಾನು. ನನ್ನ ಹೆಸರಿನ ಹಿಂದೆ ಇಡುವಾಗ ಬೆರಳು ಎರಡು ಸಲ ತಪ್ಪಿತು. ಒಂದು ಪ್ರಿಂಟು ತೆಗೆದು, ಕೈಯಲ್ಲಿ ಹಿಡಿದು ದೂರದಿಂದ, ಹತ್ತಿರದಿಂದ ನೋಡಿದೆ. ಅಷ್ಟರಲ್ಲಿ ಕುಂದಾಪುರದ ಬಸ್ಸಿನ ಹಾರನ್ ಕೇಳಿತು. ಗಡ್‌ಬಡ್ ಕರಗುತ್ತದೆಂದು ಓಡಿದೆ. ಪ್ರಿಂಟು ಟ್ರೇಯಲ್ಲೇ ಉಳಿಯಿತು. ಆ ಟ್ರೇಯಲ್ಲಿದ್ದದ್ದೆಲ್ಲ ಅಚ್ಚಿಗೆ ಹೋಗತಕ್ಕದ್ದು.

ನಮ್ಮ ಪ್ರೆಸ್ಸಿನ ಯಜಮಾನರು ಪ್ರೇಮಾನಂದಣ್ಣ ಬಹಳ ಒಳ್ಳೆಯವರು. ನನ್ನ ಜೀವನದಲ್ಲಿ ಆದ ಅನಾಹುತಗಳೆಲ್ಲ ಒಳ್ಳೆಯವರಿಂದಲೇ ಆದದ್ದು.

ಮರುದಿನ ಭಾನುವಾರ ಸಂಜೆ ಅಪ್ಪಯ್ಯ ಜಗಲಿಯಲ್ಲಿ ಕುಳಿತು ನಾಗಸ್ವರದ ಪೀಪಿಗಳನ್ನು ಒರೆಸುತ್ತಿದ್ದರು. ಸ್ಕೂಟರ್ ಬಂದು ನಿಂತಿತು. ಪ್ರೇಮಾನಂದಣ್ಣ ಒಂದು ದೊಡ್ಡ ಕಟ್ಟನ್ನು ಹೊತ್ತು ಒಳಗೆ ಬಂದರು. ನಾನು ಬಾಗಿಲ ಸಂದಿಯಲ್ಲಿ ನಿಂತು, ಯಾರದೋ ಓಲಗ ಗೊತ್ತು ಮಾಡಲು ಬಂದಿರಬೇಕು ಎಂದುಕೊಂಡೆ.

"ಬನ್ನಿ, ಕೂಕಣಿ" ಎಂದರು ಅಪ್ಪಯ್ಯ.

ಪ್ರೇಮಾನಂದಣ್ಣ ಕಟ್ಟು ಬಿಚ್ಚಿ, ಕುಂಕುಮ ಹಚ್ಚಿದ ಮೊದಲ ಕಾಗದವನ್ನು ಎರಡೂ ಕೈಯಲ್ಲಿ ಹಿಡಿದು ಕೊಟ್ಟರು. ಅಪ್ಪಯ್ಯ ಕನ್ನಡಕ ಏರಿಸಿ ಎಂದಿನಂತೆ ಸೀದಾ ದಿನಕ್ಕೆ ಹೋದರು.

"ಮೇ ಒಂಬತ್ತ್. ಹನ್ನೊಂದ್ ನಲ್ವತ್ತ್. ಕುಂದಾಪ್ರ." ಗೋಡೆಯ ಕ್ಯಾಲೆಂಡರಿನ ಕಡೆ ನೋಡಿದರು. ಅಲ್ಲಿ ಒಂಬತ್ತಕ್ಕೆ ಕೆಂಪು ಸುತ್ತು ಇತ್ತು. "ಇಲ್ಲೆ ಮಾರಾಯ್ರೆ, ನಂಗಾತಿಲ್ಲೆ. ಆ ದಿನ ಹಟ್ಟಿಯಂಗಡಿ ಬದಿಯವ್ರ್ ವೀಳ್ಯ ಕೊಟ್ಟ್ ಹೋಯ್ರ್."

ಪ್ರೇಮಾನಂದಣ್ಣ ಹೊಟ್ಟೆ ಹಿಡಿದು ನಕ್ಕರು. "ಗುರುವಣ್ಣ, ನಿಮ್ದೊಳ್ಳೆ ತಮಾಸಿ! ನೀವ್ ಬರ್ದಿರೆ ಧಾರೆ ಎರುದ್ ಯಾರ್?"

"ಹೆಣ್ಣಿನ ಅಪ್ಪ ಎರಿತ. ನಂಗೆಂತಕ್ ಅದ್?"

"ಹೆಣ್ಣಿನ ಅಪ್ಪ ನೀವೇ ಅಲ್ದಾ? ದೀಕ್ಷಿತಂದ್ ಮದಿ ಕಾಗ್ದ ಅದ್! ನಂಗ್ ಒಂದ್ ಮಾತ್ ಹೇಳ್ಲಿಲ್ಲೆ ಕಾಣಿ ಅವ್ಳ್. ಆರೂ ಅಡ್ಡಿಲ್ಲೆ. ನಮ್ಮ್ ಪ್ರೆಸ್ಸಿನ್ ಹೆಣ್ಣ್, ಮುನ್ನೂರ್ ಕಾಗ್ದ ನನ್ನ್ ಉಡುಗೊರೆ."

ಬಾಗಿಲ ಸಂದಿಯಲ್ಲಿ ನಿಂತವಳಿಗೆ ಭೂಮಿ ಬಾಯಿ ಬಿಡಲಿಲ್ಲ. ಬೇಕಾದಾಗ ಅದು ಬಿಡುವುದಿಲ್ಲ. ಅಪ್ಪಯ್ಯ ಜೀವನದಲ್ಲಿ ಮೊದಲ ಸಲ ಒಂದು ಮದುವೆಯ ಕಾಗದವನ್ನು ಮೇಲಿನಿಂದ ಕೆಳಗಿನವರೆಗೆ ಓದಿದರು. ತಮ್ಮ ಹೆಸರನ್ನು ಎರಡು ಸಲ ಓದಿದರು. ಆಮೇಲೆ ಅಡುಗೆಮನೆಯ ಕಡೆ ತಿರುಗಿ ಕೂಗಿದರು:

"ಗುಣವತಿ, ಪ್ರೇಮಾನಂದಣ್ಣಂಗ್ ಚಾ ಕೊಡ್. ನಮ್ಮ್ ಮಗಳ್ ಮದಿ ಅಂಬ್ರ್."

ಅಮ್ಮ ಸೌಟು ಹಿಡಿದುಕೊಂಡೇ ಹೊರಗೆ ಬಂದಳು. "ಹೌದಾ? ಯಾವತ್ತ್?"

ಪ್ರೇಮಾನಂದಣ್ಣನ ಮುಖದ ಬಣ್ಣ ನಿಧಾನಕ್ಕೆ ಇಳಿಯಿತು. ಚಹಾ ಅರ್ಧಕ್ಕೆ ಬಿಟ್ಟು ಹೊರಟೇಹೋದರು. ಅಪ್ಪಯ್ಯ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಅಳುವುದಕ್ಕೊಂದು ದಾರಿ ಇರುತ್ತಿತ್ತು.

"ನಲ್ವತ್ ವರ್ಷ ಬೇರೆಯವ್ರ್ ಕಾಗ್ದ ಓದ್ದೆ" ಎಂದರು. "ನಂಗೂ ಒಂದ್ ಕಾಗ್ದ ಕೊಟ್ಟೆ ಅಲ್ದಾ ಹೆಣೆ, ಅಷ್ಟ್ ಸಾಕ್." ಸ್ವಲ್ಪ ಹೊತ್ತು ಪೀಪಿ ಒರೆಸಿದರು. "ಈ ರವಿರಾಜ ಅಂದ್ರ್ ಯಾರ್? ಬೈಂದೂರ್ ಮೈಕಿನವನಾ?"

ನಾನು ತಲೆಯಾಡಿಸಿದೆ.

"ಕರಿ ಅವನ. ನಾ ಬೇಡ ಅಂದ್ರೆ ಬೇಡವೇ. ಮತ್ತ್ ನಿನ್ನ್ ಪುಸ್ತಕ-ಗಿಸ್ತಕ ನಂಗ್ ತೋರ್ಸೂದ್ ಬೇಡ."

ಆ ವಾರವಿಡೀ ನನಗೆ ಅನ್ನ ಸೇರಲಿಲ್ಲ. ಅಪ್ಪಯ್ಯ ಬೇಡ ಎಂದರೆ ಓಡಿಹೋಗಿ ಮದುವೆಯಾಗುವ ಧೈರ್ಯ ನಮಗಿಬ್ಬರಿಗೂ ಇರಲಿಲ್ಲ. ಆ ವಿಷಯಕ್ಕೆ ಪುಸ್ತಕದಲ್ಲಿ ಒಂದು ಪುಟವನ್ನೂ ಮೀಸಲಿಟ್ಟಿರಲಿಲ್ಲ.

ಮುಂದಿನ ಭಾನುವಾರ ರವಿರಾಜರು ಇಸ್ತ್ರಿ ಹಾಕಿದ ಬಿಳಿ ಅಂಗಿ ತೊಟ್ಟು, ಸಾಮಾನು ಸಾಗಿಸುವ ಟೆಂಪೋದಲ್ಲೇ ಬಂದಿಳಿದರು. ಹೆಣ್ಣು ಕೇಳಲು ಬಂದ ವರನ ಹಿಂದೆ ನೂರೈವತ್ತು ಪ್ಲಾಸ್ಟಿಕ್ ಕುರ್ಚಿಗಳು!

"ಗುರುವಣ್ಣ, ನಮಸ್ಕಾರ" ಎಂದರು. ನಾನು ಒಳಗಿನಿಂದ ಹಣೆ ಚಚ್ಚಿಕೊಂಡೆ. ಅಪ್ಪಯ್ಯನನ್ನು ಅಣ್ಣ ಎಂದರೆ ನಾನು ಇವರಿಗೇನಾಗಬೇಕು?

ಅಪ್ಪಯ್ಯ ಕೂರಲು ಹೇಳಿದರು. ಬಳಿ ಕೇಳಿದರು, ಮನೆ ಕೇಳಿದರು. ಕೊನೆಗೆ, "ಎಲ್ಲ ತಯಾರ್ ಮಾಡ್ಕಂಡಿರಿ ಅಂಬ್ರ್. ಊಟ, ಹೂಂಗ್, ಕುರ್ಚಿ. ಓಲಗ ಯಾರ್ದ್?" ಎಂದರು.

ರವಿರಾಜರು ನನ್ನ ಕಡೆ ನೋಡಿದರು. ನಾನು ಪುಸ್ತಕದ ಇಪ್ಪತ್ತೇಳು ಪುಟಗಳನ್ನೂ ಮನಸ್ಸಿನಲ್ಲೇ ಮಗುಚಿದೆ. ಐಸ್‌ಕ್ರೀಮ್ ಕಪ್ಪಿನ ಚಮಚದವರೆಗೆ ಬರೆದಿದ್ದೆ. ಓಲಗ ಬರೆದಿರಲಿಲ್ಲ! ಓಲಗದವರ ಮಗಳಿಗೆ ಓಲಗ ಗೊತ್ತು ಮಾಡಬೇಕೆಂದೇ ಹೊಳೆದಿರಲಿಲ್ಲ. ಅದು ನಮ್ಮ ಮನೆಯಲ್ಲಿ ಬಾವಿಯ ನೀರಿನ ಹಾಗೆ, ಇದ್ದೇ ಇರುತ್ತದೆ.

ನನ್ನ ಮುಖ ನೋಡಿ ಗಾಬರಿಯಾದ ರವಿರಾಜರು ಆಡಬಾರದ ಮಾತನ್ನು ಆಡಿಬಿಟ್ಟರು:

"ನಮ್ಮ್ ಬದಿ ಕ್ಯಾಸೆಟ್ ಇತ್ತಲೆ..."

ಅಡುಗೆಮನೆಯಲ್ಲಿ ಅಮ್ಮನ ಕೈಯಿಂದ ಮುಚ್ಚಳ ಬಿತ್ತು.

"ಆ ಹಲ್ಲ್ ಇಲ್ದವ ಊದಿದ್ದಾ?" ಅಪ್ಪಯ್ಯ ಎದ್ದು ನಿಂತರು. "ನನ್ನ್ ಮಗಳ್ ಮದಿಗ್ ಆ ಕಫ ಕಟ್ದವನ ಓಲಗವಾ? ಏಳ್ ಮಾರಾಯ, ಕುರ್ಚಿ ತಕಂಡ್ ಹೊರ್ಡ್!"

ರವಿರಾಜರು ಎದ್ದರು. ಎರಡು ಹೆಜ್ಜೆ ನಡೆದರು. ಅಲ್ಲೇ ನಿಂತು ನೆಲ ನೋಡುತ್ತಾ ಹೇಳಿದರು:

"ಅದ್ ನೀವೇ ಊದಿದ್ದ್."

"ಎಂತ?"

"ಮರವಂತೆ ಮದಿಲಿ. ಮೈಕ್ ಹತ್ರ ಇಟ್ಕಂಡ್ ರೆಕಾರ್ಡ್ ಮಾಡ್ದೆ. ನೀವ್ ಉಸಿರ್ ಹಿಡ್ದ್ ನಿಲ್ಸಿದ್ರಿ ಅಲ್ದಾ, ಅದ್ ಸಮಾ ಬತ್ತಾ ಇಲ್ಯಾ ಕಾಂಬ ಅಂದ್ಕಂಡೇ ಟೆಸ್ಟಿಂಗ್ ಅಂದದ್. ಮತ್ತ್ ನನ್ನ್ ಮಾತ್ ಇದ್ದಷ್ಟ್ ಟೇಪ್ ಕತ್ರಿಸಿ ತೆಗ್ದೆ. ಹೇಳುಕ್ ಹೆದ್ರಿಕೆ ಆಯ್ತ್. ಬೇರೆ ಎಷ್ಟೋ ಕ್ಯಾಸೆಟ್ ಸಿಕ್ತಿತ್ತ್. ನಂಗ್ ಇದೇ ಬೇಕಾಯ್ತ್."

ನನಗೂ ಇದು ಗೊತ್ತಿರಲಿಲ್ಲ. 

"ಕಳ್ಳ" ಎಂದರು ಅಪ್ಪಯ್ಯ. ಮತ್ತೆ ಕುಳಿತರು. "ಹಾಕ್, ಕಾಂಬ."

ಟೆಂಪೋದಿಂದ ಟೇಪ್‌ರೆಕಾರ್ಡರ್ ಬಂತು. ಜಗಲಿಯಲ್ಲಿ ಓಲಗ ಎದ್ದಿತು. ಅಪ್ಪಯ್ಯ ಮೊದಲು ಮುಖ ಗಂಟಿಕ್ಕಿ, "ಇಲ್ಲ್ ತಾಳ ಬಿಟ್ಟ ದುಗ್ಗಪ್ಪ" ಎಂದರು. "ಇಲ್ಲೂ ದುಗ್ಗಪ್ಪನೇ" ಎಂದರು. ಆಮೇಲೆ ಬೆರಳುಗಳು ಮೊಣಕಾಲಿನ ಮೇಲೆ ಒಂದೊಂದಾಗಿ ಏಳತೊಡಗಿದವು. ಆ ಉದ್ದನೆಯ ಸ್ವರ ಬಂದು, ನಿಂತು, ಅಂಗಳದ ತುಳಸಿಯನ್ನು ದಾಟಿ ಹೋಯಿತು.

"ಈಗ ಅಷ್ಟುದ್ದ ಆತಿಲ್ಲೆ" ಎಂದರು ಮೆಲ್ಲಗೆ.

ಬಾಗಿಲಲ್ಲಿ ಕುಳಿತಿದ್ದ ಅಮ್ಮ ಸೆರಗಿನಿಂದ ಮೂಗೊರೆಸಿಕೊಂಡಳು. "ಇಷ್ಟ್ ವರ್ಷ ಊದ್ರಿ. ನಾ ಕೂತ್ಕಂಡ್ ಕೇಂಡದ್ ಇವತ್ತೇ."

ಅಪ್ಪಯ್ಯ ವರನ ಕಡೆ ತಿರುಗಿದರು. "ಎಷ್ಟ್ ಮದಿಗ್ ಹಾಕಿದ್ಯಾ ಇದನ್ನ?"

"ಎಪ್ಪತ್ತ್ ಆಯ್ಕ್."

"ಎಪ್ಪತ್ತ್ ಮದಿ ಊದ್ದೆ, ಒಂದ್ರಲ್ಲಾರೂ ಪಾಯ್ಸ ಸಿಕ್ಲಿಲ್ಲೆ ಕಾಣ್!" ಎಂದು ಅಮ್ಮನಿಗೆ ಹೇಳಿ, "ಗಂಡ್ ಅಡ್ಡಿಲ್ಲೆ" ಎಂದರು.

ಇಲ್ಲಿಗೆ ಕಥೆ ಸುಖವಾಗಿ ಮುಗಿಯಬೇಕಿತ್ತು. ಆದರೆ ಒಪ್ಪಿಗೆ ಕೊಟ್ಟ ಅಪ್ಪಯ್ಯ ನನ್ನ ಇಪ್ಪತ್ತೇಳು ಪುಟಗಳನ್ನು ಒಂದೊಂದಾಗಿ ಊದಿ ಹಾರಿಸಿದರು. ಮೇ ಒಂಬತ್ತು ಆಗುವುದಿಲ್ಲ, ಹಟ್ಟಿಯಂಗಡಿಯವರಿಗೆ ಮಾತು ಕೊಟ್ಟಾಗಿದೆ. ಅಪ್ಪಯ್ಯನ ಕ್ಯಾಲೆಂಡರಿನಲ್ಲಿ ಕೆಂಪು ಸುತ್ತಿಲ್ಲದ ಒಂದೇ ಮುಹೂರ್ತ ಮೇ ಇಪ್ಪತ್ತಾರು, ಬುಧವಾರ. ಆ ದಿನ ಸಭಾಭವನ ಇಲ್ಲ, ಆದ್ದರಿಂದ ಮನೆಯಂಗಳದಲ್ಲೇ ಚಪ್ಪರ. ಅಡುಗೆಯವರೂ ಬದಲಾದರು, ಪಾಯಸ ಶ್ಯಾವಿಗೆಯಾಯಿತು. ಹೊಸ ಕಾಗದ ಮಾಡಿಸೋಣ ಎಂದರೆ, "ಪ್ರೇಮಾನಂದಣ್ಣ ಮನಸಿಟ್ಟ್ ಕೊಟ್ಟದ್ದ್, ಬಿಸಾಕುಕಾಗ" ಎಂದರು ಅಪ್ಪಯ್ಯ. ಮುನ್ನೂರು ಕಾಗದದಲ್ಲಿ ದಿನ, ಗಂಟೆ, ಜಾಗ ಮೂರನ್ನೂ ಪೆನ್ನಿನಿಂದ ಹೊಡೆದು ತಿದ್ದಿದೆ. ಮೂರು ವರ್ಷದಲ್ಲಿ ಒಂದು ಅಕ್ಷರ ತಪ್ಪಿಸದ ನನ್ನ ಮದುವೆಗೆ ಜನ ಬಂದದ್ದು ಈ ಕಾಗದ ಹಿಡಿದುಕೊಂಡು.

ಇನ್ನು ಓಲಗ. ಧಾರೆ ಎರೆಯುವ ಅಪ್ಪ ಊದಲಾರ. ಅಪ್ಪಯ್ಯ ಕೋಟದಿಂದ ಒಬ್ಬರನ್ನು ಕರೆಸಿ ಕೇಳಿದರು, ಉಸಿರು ಸಾಲದು ಎಂದರು. ಬಾರಕೂರಿನಿಂದ ಬಂದವರಿಗೆ ಶ್ರುತಿ ಇಲ್ಲ ಎಂದರು. ಕೊನೆಗೆ ಗಂಭೀರವಾಗಿ ಘೋಷಿಸಿದರು:

"ಕ್ಯಾಸೆಟ್ಟೇ ಹಾಕುವ."

"ಅಪ್ಪಯ್ಯ! ಓಲಗದವರ ಮಗಳ್ ಮದಿಗ್ ಕ್ಯಾಸೆಟ್ಟಾ? ಊರಿನವ್ರ್ ನಗಾಡ್ತ್ರ್!"

"ನಗಾಡ್ಲಿ. ಆ ಕ್ಯಾಸೆಟ್ಟಲ್ಲಿ ಊದಿದವನಷ್ಟ್ ಲಾಯ್ಕ್ ಊದುವವ್ರ್ ಈ ಬದಿಲಿ ಯಾರ್ ಇದ್ರ್ ಹೇಳ್?"

ಮೇ ಇಪ್ಪತ್ತಾರರಂದು ಮುಹೂರ್ತದ ಹೊತ್ತು ಬಂತು. ನಾನು ಮತ್ತು ರವಿರಾಜರು ಒಬ್ಬರ ಕೈಯ ಮೇಲೊಬ್ಬರು ಕೈ ಚಾಚಿ ನಿಂತಿದ್ದೆವು. ಅಮ್ಮ ಪಕ್ಕದಲ್ಲಿದ್ದಳು. ಅಪ್ಪಯ್ಯ ಧಾರೆಯ ಗಿಂಡಿ ಎತ್ತಿ ಹಿಡಿದಿದ್ದರು. ಭಟ್ಟರು ಕೈ ಎತ್ತಿದರು. ವರ ಮಹಾಶಯರು ಮದುವೆಯ ದಿನವೂ ಬಿಡದೆ ಕಣ್ಸನ್ನೆ ಮಾಡಿದರು. ದುಗ್ಗಪ್ಪಣ್ಣ ಗುಂಡಿ ಒತ್ತಿದರು. ನಾಲ್ಕು ಲೌಡ್‌ಸ್ಪೀಕರಿನಿಂದ ಅಪ್ಪಯ್ಯನ ನಾಗಸ್ವರ ತೆಂಗಿನ ತಲೆಗಳ ಮೇಲೆ ಹರಿಯಿತು.

ನೀರು ಮಾತ್ರ ಬೀಳಲಿಲ್ಲ.

ನಾನು ತಲೆ ಎತ್ತಿ ನೋಡಿದೆ. ಅಪ್ಪಯ್ಯ ಗಿಂಡಿ ಹಿಡಿದವರು ಹಾಗೆಯೇ ಕಣ್ಣು ಮುಚ್ಚಿದ್ದರು.

"ಗುರುವಾ, ಧಾರೆ! ಧಾರೆ!" ಎಂದರು ಭಟ್ಟರು.

"ತಡಿನಿ" ಎಂದರು ಅಪ್ಪಯ್ಯ ಕಣ್ಣು ತೆರೆಯದೆ. "ಈಗ ಬತ್ತ್."

"ಎಂತ ಬತ್ತ್? ಲಗ್ನ ಮೀರತ್ತೆ!"

"ಉದ್ದ ಸ್ವರ ಬತ್ತ್, ತಡಿನಿ!"

ಚಾಚಿದ ನನ್ನ ಕೈ ಸೋತುಹೋಗಿತ್ತು. ನಾನು ಪಕ್ಕಕ್ಕೆ ತಿರುಗಿ ವರನಾದರೂ ಏನಾದರೂ ಹೇಳಲಿ ಎಂದು ನೋಡಿದೆ. ಅವರೂ ಕಣ್ಣು ಮುಚ್ಚಿ ತಲೆದೂಗುತ್ತಿದ್ದರು. ಅಮ್ಮ ಸೆರಗಿನಲ್ಲಿ ಮುಖ ಒತ್ತಿಕೊಂಡು ಕೇಳುತ್ತಿದ್ದಳು. ನಾಲ್ಕು ನೂರು ಕುರ್ಚಿಗಳಲ್ಲಿ ಕುಳಿತವರೆಲ್ಲ ಲೌಡ್‌ಸ್ಪೀಕರಿನ ಕಡೆ ಮುಖ ಮಾಡಿದ್ದರು. ಆ ಹೊತ್ತಿನಲ್ಲಿ ಮದುಮಗಳು ಮೆಲ್ಲಗೆ ಜಾರಿ ಹೋಗಿ ಶ್ಯಾವಿಗೆ ಪಾಯಸ ಕುಡಿದು ಬಂದಿದ್ದರೂ ಯಾರಿಗೂ ತಿಳಿಯುತ್ತಿರಲಿಲ್ಲ.

ಸ್ವರ ಬಂತು. ಏರಿತು, ನಿಂತಿತು, ಇನ್ನೂ ನಿಂತಿತು. ಅದು ಇಳಿದು ಮುಗಿದಾಗ ಅಪ್ಪಯ್ಯ ಉಸಿರು ಬಿಟ್ಟರು. ಆಗಲೇ ನಮ್ಮ ಕೈಯ ಮೇಲೆ ತಣ್ಣನೆಯ ನೀರು ಬಿದ್ದದ್ದು.

ಚಪ್ಪರದ ತುಂಬ ಚಪ್ಪಾಳೆ. ಅಕ್ಷತೆ ಹಿಡಿದವರು ಒಬ್ಬೊಬ್ಬರಾಗಿ ಮೇಲೆ ಬಂದು, ನನ್ನನ್ನು ದಾಟಿ, ಅಪ್ಪಯ್ಯನ ತಲೆಯ ಮೇಲೆ ಹಾಕಿ ಹೋದರು.